ಪಿನ್‌ಬಾಲ್ ಪೆಟ್ಟಿಗೆ ಮತ್ತು ನಮ್ಮತ್ತೆ

ಮನೆಯಲ್ಲಿ ಹಗುರವಾದ ವಸ್ತುಗಳನ್ನು ನಮಗೆ ಬೇಕಾದ ಕಡೆ ಇಡಬಹುದು. ಭಾರವಾದವು ಮಾತ್ರ ಹೊತ್ತವರ ತೋಳು ಎಲ್ಲಿ ಸೋಲುತ್ತದೋ ಅಲ್ಲಿಯೇ ಪ್ರತಿಷ್ಠಾಪನೆಗೊಳ್ಳುತ್ತವೆ. ಚಿತ್ರದುರ್ಗದ ನಮ್ಮ ಮನೆಗೆ ಪಿನ್‌ಬಾಲ್ ಯಂತ್ರ ಬಂದಾಗ ಆದದ್ದೂ ಅದೇ. ಹಿತ್ತಿಲ ಕೋಣೆಗೆ ಹೋಗಬೇಕಾಗಿದ್ದ ಅದನ್ನು ಲಾರಿಯಿಂದ ಇಳಿಸಿದ ಹಮಾಲರು ಪಡಸಾಲೆಯವರೆಗೆ ತಂದು, "ಇನ್ನೊಂದು ಹೆಜ್ಜೆ ಆಗಲ್ಲ ಬಿಡ್ರಿ" ಎಂದು ಅಲ್ಲಿಯೇ ಕಾಲೂರಿಸಿಬಿಟ್ಟರು. ಅದು ದೇವರಕೋಣೆಯ ಬಾಗಿಲಿಗೆ ನೇರ ಎದುರು.

ಎಪ್ಪತ್ತರ ದಶಕದ ಮಾತು. ನಮ್ಮವರು ಹೊಸದುರ್ಗದ ಕಡೆಯ ಒಂದು ಗಣಿಯಲ್ಲಿ ಗುಮಾಸ್ತರಾಗಿದ್ದರು. ಅಲ್ಲಿಯೇ ಇದ್ದು, ವಾರದ ಕೊನೆಗೆ ಮನೆಗೆ ಬರುತ್ತಿದ್ದರು. ಗಣಿಯ ಅಧಿಕಾರಿಗಳ ಕ್ಲಬ್ಬು ಮುಚ್ಚಿದಾಗ ಕುರ್ಚಿ, ಮೇಜು, ದೀಪಗಳಿಗೆಲ್ಲ ವಾರಸುದಾರರು ಹುಟ್ಟಿಕೊಂಡರಂತೆ. ಕೆಟ್ಟು ನಿಂತಿದ್ದ ಈ ಮುದಿ ಪರದೇಶಿ ಯಂತ್ರ ಮಾತ್ರ ಅನಾಥವಾಗಿ ಉಳಿಯಿತಂತೆ. ಅನಾಥರನ್ನು ಕಂಡರೆ ಕರಗುವ ನಮ್ಮವರು ಅದನ್ನು ಹೊಳಲ್ಕೆರೆಯ ದಾರಿಯಾಗಿ ಬರುವ ಲಾರಿಗೆ ಹೇರಿಸಿಬಿಟ್ಟರು.

ನೀವು ನೋಡಿರದಿದ್ದರೆ ಹೇಳುತ್ತೇನೆ: ನಾಲ್ಕು ಕಾಲಿನ ಮೇಲೆ ಶವಪೆಟ್ಟಿಗೆಯಷ್ಟು ಉದ್ದದ, ಗಾಜು ಮುಚ್ಚಿದ, ತುಸು ಇಳಿಜಾರಾದ ಹಲಗೆ. ಸ್ಪ್ರಿಂಗಿನ ಹಿಡಿಯನ್ನೆಳೆದು ಬಿಟ್ಟರೆ ಉಕ್ಕಿನ ಗುಂಡೊಂದು ಮೇಲಕ್ಕೆ ಚಿಮ್ಮಿ, ಗೂಟಗಳಿಗೆ ಬಡಿದು, ಗಂಟೆ ಬಾರಿಸಿ, ದೀಪ ಹೊತ್ತಿಸಿ ಕೆಳಗುರುಳುತ್ತದೆ. ಪಕ್ಕದ ಗುಂಡಿಗಳನ್ನೊತ್ತಿದರೆ ಆಡುವ ಎರಡು ಪುಟ್ಟ ರೆಕ್ಕೆಗಳಿಂದ ಅದನ್ನು ಮತ್ತೆ ಮೇಲಕ್ಕಟ್ಟಬೇಕು. ತಪ್ಪಿದರೆ ಗುಂಡು ಪಾತಾಳಕ್ಕೆ. ತಲೆಯ ಕಡೆ ಅಂಕಿ ತೋರಿಸುವ ಬಣ್ಣದ ಗಾಜು. ನಮ್ಮದರ ಗಾಜಿನ ಮೇಲೆ ಈಜುಡುಗೆಯ ಹೆಂಗಸೊಬ್ಬಳು, ದೇವರಕೋಣೆಯ ಕಡೆಗೇ ಮುಖ ಮಾಡಿ, ಮೂವತ್ತೆರಡು ಹಲ್ಲನ್ನೂ ಪ್ರದರ್ಶಿಸಿ ನಗುತ್ತಿದ್ದಳು.

ನಮ್ಮತ್ತೆ ಹಾಲಮ್ಮನವರು ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಕಣ್ಣು ತೆರೆದರೆ ಎದುರಿಗೆ ಅವಳು. ಮೊದಲ ದಿನ ಅವರ ಕೈಯ ವಿಭೂತಿ ಗಟ್ಟಿ ನೆಲಕ್ಕೆ ಬಿತ್ತು. "ಏನಪ್ಪಾ ಇದು? ಜೂಜಿನ ಪೆಟ್ಟಿಗೆ ತಂದು ದೇವರ ಮುಂದೆ ಕುಂದ್ರಿಸೀಯಲ್ಲ!" ಎಂದು ಮಗನನ್ನು ಗದರಿದರು. ಮಗ ಸೋಮವಾರದ ಬಸ್ಸು ಹತ್ತಿ ಪಾರಾದ. ಉಳಿದವರು ನಾನು, ಅತ್ತೆ, ಆ ಹೆಂಗಸು.

ನಾನು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಕಪ್ಪುಹಲಗೆಯ ಮೇಲೆ ವಿದ್ಯುನ್ಮಂಡಲ ಬರೆಯುವುದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಸೀಮೆಸುಣ್ಣದ ತಂತಿಯಲ್ಲಿ ಕರೆಂಟು ಹರಿಯುವುದಿಲ್ಲವೆಂಬ ಧೈರ್ಯ ಬೇರೆ. ಒಂದು ಭಾನುವಾರ ಯಂತ್ರದ ಹಿಂಬಾಗಿಲು ತೆಗೆದೆ. ಒಳಗಿದ್ದದ್ದು ಜೋಗಿಮಟ್ಟಿಯ ಕುರುಚಲು ಕಾಡು: ಬಣ್ಣಬಣ್ಣದ ತಂತಿಗಳು, ತಾಮ್ರದ ಸುರುಳಿಗಳು, ಹಿತ್ತಾಳೆಯ ಪಟ್ಟಿಗಳು, ಜೇಡರ ಬಲೆಗಳು. ಆ ಕಾಡು ನನ್ನನ್ನು ಒಳಗೆ ಕರೆದುಕೊಂಡಿತು. ಕರಕಲಾದ ಸುರುಳಿಯೊಂದನ್ನು ಹಿರಿಯೂರಿನಲ್ಲಿ ಪಂಪ್‌ಸೆಟ್ಟಿನ ಮೋಟಾರು ಸುತ್ತುವವರಿಂದ ಹೊಸದಾಗಿ ಸುತ್ತಿಸಿ ತಂದೆ. ಒಣಗಿ ಬಿರಿದ ರಬ್ಬರ್ ಬಳೆಗಳ ಜಾಗಕ್ಕೆ ಸೈಕಲ್ ಟ್ಯೂಬನ್ನು ಕತ್ತರಿಸಿ ತೊಡಿಸಿದೆ. ಹಿತ್ತಾಳೆಯ ಪಟ್ಟಿಗಳ ತುದಿಗಳು ಒಂದನ್ನೊಂದು ಮುಟ್ಟಿದಾಗಲೇ ಕರೆಂಟು ಹರಿಯಬೇಕು. ಆ ತುದಿಗಳಿಗೆ ಹಿಡಿದ ಮಸಿಯನ್ನು ಹಳೆಯ ಲಗ್ನಪತ್ರಿಕೆಗಳ ಚೂರುಗಳಿಂದ ಉಜ್ಜಿ ತೆಗೆದೆ. ಎಷ್ಟೋ ದಾಂಪತ್ಯಗಳು ಹೀಗೆ ನನ್ನ ಕೈಯಲ್ಲಿ ಸವೆದುಹೋದವು.

ನಡುನಡುವೆ ಶಾಕ್ ಹೊಡೆಯುತ್ತಿತ್ತು. ಮಾನದ ಪ್ರಶ್ನೆಯಾದ್ದರಿಂದ ಸೆರಗನ್ನು ಹಲ್ಲಿನಲ್ಲಿ ಕಚ್ಚಿ ಸುಮ್ಮನಿರುತ್ತಿದ್ದೆ. ಅತ್ತೆ ಮಾತ್ರ ಅಡುಗೆಮನೆಯಿಂದಲೇ, "ಹೆಂಗಸರು ಮಾಡೋ ಕೆಲಸವೇನವ್ವ ಅದು? ಆ ಪೀಡೆನ ಗುಜರಿಗೆ ಹಾಕು" ಎನ್ನುತ್ತಿದ್ದರು. ದಿನ ಕಳೆದಂತೆ ಆ ಮಾತು ಕಠಿಣವಾಯಿತು, ಆಮೇಲೆ ಮಾತೇ ನಿಂತಿತು. ಒಂದೇ ಸೂರಿನ ಕೆಳಗೆ ಇಬ್ಬರು ಹೆಂಗಸರು ಉಪ್ಪು ಬೇಕೇ ಬೇಡವೇ ಎಂಬುದನ್ನೂ ಪಾತ್ರೆಗಳ ಸದ್ದಿನಲ್ಲೇ ತಿಳಿಸಿಕೊಳ್ಳುವ ಸ್ಥಿತಿ ಎಂಥದೆಂದು ಅನುಭವಿಸಿದವರೇ ಬಲ್ಲರು.

ಹೀಗಿರುವಾಗ ನಾವು ನಡೆದುಕೊಳ್ಳುವ ಮಠದ ಸ್ವಾಮಿಗಳು ಪಾದಪೂಜೆಗೆ ನಮ್ಮ ಮನೆಗೆ ದಯಮಾಡಿಸುವರೆಂದು ಗೊತ್ತಾಯಿತು. ಅತ್ತೆ ಮಗನಿಗೆ ಕಡ್ಡಿ ಮುರಿದಂತೆ ಹೇಳಿದರು: "ಪೂಜೆ ಆದ ಮಾರನೇ ದಿನ ಗುಜರಿಯೋನು ಬರ್ತಾನೆ. ನಾನು ಹೇಳಿ ಕಳಿಸೀನಿ." ನಮ್ಮವರು ನನ್ನ ಮುಖ ನೋಡಿದರು, ನಾನು ಯಂತ್ರದ ಮುಖ ನೋಡಿದೆ. ಕೆಲಸ ಮುಗಿಯಲು ಒಂದೇ ಒಂದು ದೋಷ ಬಾಕಿಯಿತ್ತು: ಅಂಕಿಯ ಚಕ್ರಗಳು ಸೊನ್ನೆಗೆ ತಿರುಗುತ್ತಿರಲಿಲ್ಲ, ಅವು ತಿರುಗದೆ ಆಟ ಆರಂಭವಾಗುತ್ತಿರಲಿಲ್ಲ.

ಪೂಜೆಯ ದಿನ ಬೆಳಿಗ್ಗೆಯೂ ಆಸೆ ಬಿಡದೆ ಕೊನೆಯ ಪಟ್ಟಿಯನ್ನು ಉಜ್ಜುತ್ತಿದ್ದೆ. ಆರಂಭದ ಗುಂಡಿಯನ್ನು ಪದೇ ಪದೇ ಎದ್ದು ಒತ್ತುವುದು ತಪ್ಪಲೆಂದು ಅದರ ಸಂದಿಗೆ ಬೆಂಕಿಕಡ್ಡಿಯ ಚೂರು ಸಿಕ್ಕಿಸಿದ್ದೆ. ಅಷ್ಟರಲ್ಲಿ ಕರೆಂಟು ಹೋಯಿತು. ಹೊರಗೆ, "ಬಂದ್ರು, ಬಂದ್ರು!" ಎಂಬ ಕೂಗು. ನಮ್ಮವರ ಬಿಳಿ ಪಂಚೆಯೊಂದನ್ನು ಯಂತ್ರಕ್ಕೆ ಅಡಿಯಿಂದ ಮುಡಿಯವರೆಗೆ ಹೊದಿಸಿ ಅಡುಗೆಮನೆಗೆ ಓಡಿದೆ. ಸ್ವಿಚ್ಚು ಹಾಕಿಯೇ ಇತ್ತು.

ಪಡಸಾಲೆ ತುಂಬ ಜನ. ಸ್ವಾಮಿಗಳು ಗದ್ದುಗೆಯ ಮೇಲೆ ಕುಳಿತಿದ್ದರು; ಅತ್ತೆ ಅವರ ಪಾದಕ್ಕೆ ಬಿಲ್ವಪತ್ರೆ ಏರಿಸುತ್ತಿದ್ದರು; ತಾಳ್ಯದಿಂದ ಬಂದಿದ್ದ ಅತ್ತೆಯ ತಮ್ಮ ಸಿದ್ದಪ್ಪ ಮಾವ ಆರತಿ ಹಿಡಿದು ನಿಂತಿದ್ದರು. ಆಗ ಕರೆಂಟು ಬಂತು.

ಮೊದಲು ಬಿಳಿ ಪಂಚೆಯೊಳಗೆ ಬೆಳಕು ಹೊತ್ತಿತು. ಅನಂತರ ಗಡಗಡ ಗಡಗಡ ಎಂದು ಚಕ್ರಗಳು ಉರುಳಿದವು, ಟಣಟಣ ಟಣಟಣ ಎಂದು ಗಂಟೆ ಹೊಡೆದುಕೊಂಡಿತು, ಪಂಚೆ ಸಮೇತ ಯಂತ್ರ ಭೂತ ಹಿಡಿದಂತೆ ನಡುಗಿತು. ಸಿದ್ದಪ್ಪ ಮಾವ "ಅಯ್ಯಯ್ಯಪ್ಪೋ!" ಎಂದು ಆರತಿಯೊಡನೆ ಬಾಗಿಲಾಚೆ ಜಿಗಿದರು. ಹೆಂಗಸರು ಗೋಡೆಗಂಟಿದರು. ಅತ್ತೆ ಹಿಡಿದ ಪತ್ರೆ ಹಿಡಿದಂತೆಯೇ ಕಲ್ಲಾದರು. ನಾನು ಅಡುಗೆಮನೆಯ ಬಾಗಿಲಲ್ಲಿ, ಬಾಯಿ ತೆರೆದದ್ದು ಮುಚ್ಚಲಾರದೆ ನಿಂತಿದ್ದೆ. ಆ ನಡುಕಕ್ಕೆ ಬೆಂಕಿಕಡ್ಡಿ ಉದುರಿತೆಂದು ತೋರುತ್ತದೆ; ಚಕ್ರಗಳು ನಿಂತವು, ಗಂಟೆ ಮೌನವಾಯಿತು, ಗುಂಡು ಠಕ್ಕೆಂದು ತನ್ನ ಸ್ಥಾನಕ್ಕೆ ಬಂದು ಕೂತಿತು. ಇಷ್ಟು ದಿನ ಯಾವ ಸದ್ದಿಗಾಗಿ ನಾನು ಹಂಬಲಿಸಿದ್ದೆನೋ ಆ ಸದ್ದು, ಯಾವ ಗಳಿಗೆಯಲ್ಲಿ ಬರಬಾರದಿತ್ತೋ ಆ ಗಳಿಗೆಯಲ್ಲಿ ಬಂದಿತ್ತು.

ಸ್ವಾಮಿಗಳು ಎದ್ದರು. ನೇರವಾಗಿ ಯಂತ್ರದ ಬಳಿಗೆ ಹೋಗಿ ಪಂಚೆಯ ತುದಿ ಎತ್ತಿದರು. ಆ ಹೆಂಗಸು ಬೆಳಗುತ್ತ ನಕ್ಕಳು. ಅವರು ಅವಳನ್ನು ನೋಡಿ, ಪಂಚೆಯನ್ನು ಅವಳ ಮೇಲಷ್ಟೇ ಮತ್ತೆ ಹೊದಿಸಿ, "ಪಾಪ, ಈ ತಾಯಿಗೆ ಚಳಿ ಆಗ್ತತೆ. ಬಟ್ಟೆ ಇವರ ಮೇಲಿರ್ಲಿ" ಎಂದರು. ಆಮೇಲೆ ಗಾಜಿನೊಳಗೆ ಬಗ್ಗಿ ನೋಡಿ, "ಇದನ್ನ ಎಳೀಬೇಕೇನು?" ಎಂದು ಹಿಡಿಯನ್ನು ಎಳೆದೇಬಿಟ್ಟರು.

ಕಾವಿಯ ತೋಳು ಮೇಲೆ ಸರಿಯಿತು, ಗುಂಡು ಚಿಮ್ಮಿತು, ಗಂಟೆಗಳು ಬಾರಿಸಿದವು. "ಲೇ ಲೇ ಲೇ… ಹೋತಲ್ಲೋ!" ಎಂದು ಅವರು ಕೂಗಿದಾಗ, ಧರ್ಮೋಪದೇಶ ಕೇಳಲೆಂದು ಬಂದಿದ್ದ ಜನ ಒಬ್ಬರ ಮುಖ ಒಬ್ಬರು ನೋಡಿದರು. ಗುಂಡುಗಳೆಲ್ಲ ಪಾತಾಳ ಸೇರುವವರೆಗೂ ಅವರು ಅಲ್ಲಿಂದ ಕದಲಲಿಲ್ಲ. ಕೊನೆಗೆ ಬೆವರೊರೆಸಿಕೊಳ್ಳುತ್ತ ನಮ್ಮವರ ಕಡೆ ತಿರುಗಿದರು. "ಗಣಿಯಾಗೆ ಕೆಟ್ಟಿದ್ದಂತಲ್ಲ ಇದು. ಭಾಳ ಚೆನ್ನಾಗಿ ಸರಿ ಮಾಡೀಯಪ್ಪ."

ನಮ್ಮವರು ತೊದಲಿದರು. ಅವರ ನಾಲಗೆಗಿಂತ ಮೊದಲು ಅತ್ತೆಯ ದನಿ ಬಂತು.

"ಅವನಲ್ಲ ಬುದ್ಧೀ. ಅವನಿಗೆ ಫ್ಯೂಸು ಹಾಕಕ್ಕೂ ಬರಲ್ಲ. ನನ್ನ ಸೊಸೆ ಮಾಡಿದ್ದು. ಕರೆಂಟು ಹೊಡಿಸ್ಕೊಂಡು, ಸೆರಗು ಕಚ್ಕೊಂಡು ಮಾಡ್ಯಾಳೆ."

ಹಿತ್ತಾಳೆಯ ಪಟ್ಟಿಗಳಿಂದ ನಾನು ತಿಂದ ಯಾವ ಶಾಕೂ ಇದಕ್ಕೆ ಸಮವಲ್ಲ. ಅವರು ನನ್ನನ್ನು ಹೊಗಳಿದ್ದಕ್ಕಿಂತ, ನಾನು ಸೆರಗು ಕಚ್ಚುವುದನ್ನು ಕಂಡಿದ್ದರೆಂಬುದೇ ದೊಡ್ಡ ಶಾಕು. ಸ್ವಾಮಿಗಳು ನನ್ನನ್ನು ಹೊರಗೆ ಕರೆಸಿ ಕೈತುಂಬ ಕಲ್ಲುಸಕ್ಕರೆ ಕೊಟ್ಟರು. ಗುಜರಿಯವನಿಗೆ ಬರಬೇಡವೆಂದು ಹೇಳಿಕಳಿಸಿದ್ದೂ ಅತ್ತೆಯೇ.

ಸಂಜೆ, ಬಂದವರೆಲ್ಲ ಹೋದಮೇಲೆ, ಅತ್ತೆ ಪಡಸಾಲೆಯ ಕಂಬಕ್ಕೊರಗಿ ಕೂತು ನನ್ನನ್ನು ಕರೆದರು. "ಬಾರವ್ವ, ಕುಂತ್ಕ."

ಕೂತೆ. ಯಂತ್ರದ ಕಡೆ ನೋಡುತ್ತ ಹೇಳಿದರು: "ನಂಗೊಬ್ಳು ತಂಗಿ ಇದ್ಲು. ತಾಳ್ಯದ ತೋಟದಾಗೆ ಪಂಪ್‌ಸೆಟ್ಟಿನ ವೈರು ಹಿಡ್ಕೊಂಡೇ ಹೋದ್ಲು. ನಾನು ಬುತ್ತಿ ತಗೊಂಡು ಹೋಗಿದ್ದೆ, ನಾನೇ ನೋಡಿದ್ದು. ನೀನು ಆ ಪೆಟ್ಟಿಗೆಯೊಳಗೆ ಕೈ ಹಾಕಿದಾಗೆಲ್ಲ ಬಾಗ್ಲ ಸಂದಿಯಾಗೆ ನಿಂತು ನೋಡ್ತಿದ್ದೆ. ನಂಗೆ ಜೀವ ಹೋಗಿ ಬರ್ತಿತ್ತು."

ಮದುವೆಯಾಗಿ ಈ ಮನೆಗೆ ಬಂದಂದಿನಿಂದ ಆ ತಂಗಿಯ ಹೆಸರನ್ನೂ ನಾನು ಕೇಳಿರಲಿಲ್ಲ. ಸಂಪ್ರದಾಯವೆಂದು, ಹಟವೆಂದು, ಅತ್ತೆತನವೆಂದು ನಾನು ಬಗೆಬಗೆಯಾಗಿ ವಿಶ್ಲೇಷಿಸಿದ್ದ ಆ ಸಿಟ್ಟು ಬರೀ ಭಯವಾಗಿತ್ತು. "ಇನ್ನು ಮುಟ್ಟಲ್ಲ ಬಿಡ್ರಿ ಅತ್ತೆ" ಎಂದೆ.

"ಮುಟ್ಟಬೇಡ ಅಂದ್ನಾ ನಾನು?" ಅವರು ಗದರಿದರು. "ಅದಕ್ಕೆ ಕರೆಂಟು ಎಲ್ಲಿಂದ ಬರ್ತತೆ, ತೋರ್ಸು."

ಗೋಡೆಯ ಪ್ಲಗ್ಗನ್ನು ತೋರಿಸಿದೆ. ಹೇಗೆ ಕೀಳಬೇಕೆಂದು ಕಲಿತರು. ಮೊದಲ ಸಲ ಕಣ್ಣು ಮುಚ್ಚಿಕೊಂಡು ಕಿತ್ತರು.

ಮುಂದೆ ಆ ಯಂತ್ರ ಎಷ್ಟೋ ಸಲ ಕೆಟ್ಟಿತು, ನಾನು ಎಷ್ಟೋ ಭಾನುವಾರ ಅದರ ಹೊಟ್ಟೆಯೊಳಗೆ ತಲೆ ಹಾಕಿದೆ. ಪ್ರತಿ ಸಲವೂ ನಮ್ಮತ್ತೆ ಪಕ್ಕದಲ್ಲಿ ಚಾಪೆ ಹಾಸಿಕೊಂಡು, ಗೋಡೆಯಿಂದ ಕಿತ್ತ ಪ್ಲಗ್ಗನ್ನು ಮಡಿಲಲ್ಲಿ ಎರಡೂ ಕೈಯಿಂದ ಬಿಗಿಯಾಗಿ ಹಿಡಿದು ಕೂತಿರುತ್ತಿದ್ದರು. ನಾನು ಎದ್ದು ಕೈ ತೊಳೆದುಕೊಳ್ಳುವವರೆಗೆ ಅದನ್ನು ಯಾರು ಕೇಳಿದರೂ ಕೊಡುತ್ತಿರಲಿಲ್ಲ.