ಚಂದಾ ವಸೂಲಿಗೆ ಬೇಕು, ಸಭೆಗೆ ಬೇಡ

ಮಾಗಡಿ ರಸ್ತೆಯಲ್ಲಿ ಬಸ್ಸುಗಳು ಇನ್ನೂ ಖಾಲಿ ಓಡುತ್ತಿರುವ ಹೊತ್ತು. ಕಾಮಾಕ್ಷಿಪಾಳ್ಯದ ಬೇಳೆ ಗೋದಾಮಿನ ಬಾಗಿಲಲ್ಲಿ ಹನುಮವ್ವ ಕಾಲು ಚಾಚಿ ಕೂತಿದ್ದಾರೆ. ತೊಡೆಗೆ ಒರಗಿಸಿಕೊಂಡ, ಬಾಯಿ ಹರಿದ ಬೇಳೆಯ ಗೋಣಿಚೀಲ, ಕೈಯಲ್ಲಿ ದಬ್ಬಣ, ಹಲ್ಲಿನ ನಡುವೆ ಹುರಿ. ಎಳೆದೆಳೆದು ಚೀಲದ ಬಾಯಿ ಮುಚ್ಚುತ್ತಾರೆ. ಹಮಾಲರು ಅದನ್ನು ಬೆನ್ನಿಗೇರಿಸಿಕೊಂಡು ಲಾರಿಯತ್ತ ನಡೆಯುತ್ತಾರೆ.

ಯಾದಗಿರಿ ಕಡೆಯಿಂದ ಬಂದು ಹೆಗ್ಗನಹಳ್ಳಿಯ ಬಾಡಿಗೆ ಕೋಣೆಯಲ್ಲಿರುವ ಈಕೆಗೆ ಐವತ್ತರ ಆಸುಪಾಸು. ಗಂಡ ತೀರಿಕೊಂಡ ವರ್ಷವೇ ಇಲ್ಲಿ ಚೀಲ ಹೊಲಿಯಲು ಕೂತವರು. ಕೂರುವ ಮೊದಲೇ ಹಮಾಲರ ಸಂಘಕ್ಕೆ ಎರಡು ಸಾವಿರ ಪ್ರವೇಶ ಶುಲ್ಕ ಕಟ್ಟಬೇಕಾಯಿತು. ಆಮೇಲೆ ತಿಂಗಳಿಗೆ ನೂರು ರೂಪಾಯಿ ಚಂದಾ. ಹಬ್ಬಕ್ಕೊಂದಿಷ್ಟು, ಅಧ್ಯಕ್ಷರ ಹುಟ್ಟುಹಬ್ಬದ ಬ್ಯಾನರಿಗೊಂದಿಷ್ಟು. ಹಮಾಲರ ಕೂಲಿಯ ಅರ್ಧವೂ ಹೊಲಿಯುವ ಹೆಂಗಸರಿಗೆ ಸಿಗುವುದಿಲ್ಲ. ಚಂದಾ ಮಾತ್ರ ಸರಿಸಮ! ಸಂಘದ ಸಭೆಗೆ ಅವರನ್ನು ಯಾರೂ ಒಂದು ದಿನವೂ ಕರೆದವರಲ್ಲ.

ಹೋದ ಮಳೆಗಾಲದಲ್ಲಿ ಜೊತೆಗಾತಿ ದಾನಮ್ಮನ ಅಂಗೈಗೆ ದಬ್ಬಣ ನಾಟಿತು. ಕೈ ಬಾತು, ಕೀವು ತುಂಬಿ, ಆಪರೇಷನ್ ಆಯಿತು. ಗಾಯವಾದವರಿಗೆ ಆಸ್ಪತ್ರೆ ಖರ್ಚು ಕೊಡಲೆಂದೇ ಚಂದಾ ಎತ್ತುವುದು ಎಂದು ಸಂಘದವರು ಹೇಳುತ್ತಿದ್ದರು. ಹನುಮವ್ವ ಅದನ್ನೇ ನಂಬಿ ಅಧ್ಯಕ್ಷ ಸೋಮಲಿಂಗಪ್ಪನ ಬಳಿ ಹೋದರು.

"ಅದು ಮೂಟೆ ಹೊರೋರಿಗೆ ಕಣಮ್ಮ. ಕೂತ್ಕೊಂಡು ಹೊಲಿಯೋದೂ ಒಂದು ಕೆಲ್ಸಾನಾ?" ಎಂದು ಆತ ಮೊಬೈಲಿನಿಂದ ತಲೆ ಎತ್ತದೆ ಹೇಳಿದ.

ಆ ಮಾತು ನೆನೆದರೆ ಹನುಮವ್ವನಿಗೆ ಈಗಲೂ ಮೈ ಉರಿಯುತ್ತದೆ. "ನಾ ಅಂದೆ ನೋಡ್ರಿ, ಚಂದಾ ಇಸ್ಕೊಳ್ಳಾಗ ನಾವೂ ಹಮಾಲ್ರು, ಕೈ ತೂತು ಬಿದ್ದಾಗ ಬರೇ ಹೆಣಮಕ್ಳೇನು? ಹಂಗಂದ್ರ ಇಷ್ಟು ವರ್ಷ ನಮ್ಮ ರೊಕ್ಕ ಯಾಕ ಮುಟ್ಟಿದ್ರಿ?"

ಸಂಘದಿಂದ ಒಂದು ಪೈಸೆಯೂ ಬರಲಿಲ್ಲ. ದಾನಮ್ಮ ಕಿವಿಯೋಲೆ ಮಾರಿ ಆಸ್ಪತ್ರೆಗೆ ಕಟ್ಟಿದಳು.

ಮುಂದಿನ ಭಾನುವಾರ ಹನುಮವ್ವ ಹೆಂಗಸರನ್ನೆಲ್ಲ ಕರೆದುಕೊಂಡು ಸಭೆಗೆ ನುಗ್ಗಿದರು. "ಹೆಂಗಸ್ರಿಗೇನು ಕೆಲ್ಸ ಇಲ್ಲಿ?" ಎಂದು ಸಂಘದವರು ಗದರಿಸಿ ಹೊರಗಟ್ಟಿದರು. ಸೋಮವಾರ ಬೆಳಿಗ್ಗೆ ಒಬ್ಬಳೂ ದಬ್ಬಣ ಹಿಡಿಯಲಿಲ್ಲ. ಹರಿದ ಚೀಲಗಳಿಂದ ಬೇಳೆ ನೆಲಕ್ಕೆ ಸುರಿಯಿತು. ಲಾರಿಗಳು ನಿಂತಲ್ಲೇ ನಿಂತವು. ಕೂಲಿ ತಪ್ಪಿದ ಹಮಾಲರು ಮೊದಲು ಬೈದರು. "ಹನುಮವ್ವಾ, ನಮ್ಮ ಹೊಟ್ಟೆ ಮೇಲೆ ಹೊಡೀಬೇಡ" ಎಂದು ಕೂಗಾಡಿದರು. ಆಕೆ ಮಿಸುಕಲಿಲ್ಲ. ಒಳಗೆ ಭಯವೇನೋ ಇತ್ತು. ಕೆಲಸ ಹೋದರೆ ಬಾಡಿಗೆ ಕಟ್ಟುವ ದಾರಿಯಿರಲಿಲ್ಲ.

ಆಗ ಮುದಿ ಹಮಾಲ ದೊಡ್ಡಣ್ಣ ಹೆಗಲ ಮೇಲಿನ ಟವಲು ಹಾಸಿ ಹೆಂಗಸರ ಪಕ್ಕದಲ್ಲಿ ಕೂತರು. "ಇವ್ರು ಹೊಲೀದೇ ನಾವೇನ್ರೋ ಹೊರ್ತೀವಿ? ಇವ್ರ ದುಡ್ಡನ್ನೂ ತಿಂದಿದೀವಲ್ಲ, ನಾಚ್ಕೆ ಆಗ್ಬೇಕು" ಎಂದರು. ಒಬ್ಬೊಬ್ಬರಾಗಿ ಉಳಿದವರೂ ಕೂತರು. ಮಧ್ಯಾಹ್ನದ ಹೊತ್ತಿಗೆ ಸೋಮಲಿಂಗಪ್ಪ ಓಡಿಬಂದು ಹೆಂಗಸರೊಂದಿಗೆ ಮಾತುಕತೆಗೆ ಕೂತ.

ಹೆಂಗಸರ ಚಂದಾ ಈಗ ಅರ್ಧಕ್ಕಿಳಿದಿದೆ. ಸಭೆಗೂ ಕರೆಯುತ್ತಾರೆ. ಆದರೆ ದಾನಮ್ಮನಿಗೆ ಸಿಕ್ಕಿದ್ದು ಖರ್ಚಿನ ಒಂದು ಪಾಲು ಮಾತ್ರ. ಆಕೆಯ ಎರಡು ಬೆರಳು ಇಂದಿಗೂ ಮಡಚುವುದಿಲ್ಲ. ಆ ಪ್ರವೇಶ ಶುಲ್ಕಗಳೆಲ್ಲ ಎಲ್ಲಿ ಹೋದವೆಂದು ಯಾರೂ ಬಾಯಿ ಬಿಟ್ಟಿಲ್ಲ.

ಇಂಥ ಸಂಘ ಬಿಟ್ಟುಬಿಡಬಾರದೇ ಎಂದರೆ ಹನುಮವ್ವ ದಬ್ಬಣ ನಿಲ್ಲಿಸಿ ದುರುಗುಟ್ಟಿ ನೋಡುತ್ತಾರೆ.

"ಯಾಕ ಬಿಡ್ಲಿ? ಸಂಘ ಸೋಮಲಿಂಗಪ್ಪಂದಲ್ರಿ, ರೊಕ್ಕ ಕಟ್ಟಿದ ನಂದು. ಸಭಾದಾಗ ಕೂಡಾಕ ಜಾಗ ಕೊಟ್ಟಾರ, ಮಾತಾಡಾಕ ಇನ್ನೂ ಬಿಟ್ಟಿಲ್ಲ. ಅದಕ್ಕ ನಾ ಯಾರ ಅಪ್ಪಣಿನೂ ಕೇಳಂಗಿಲ್ಲ. ಬರೋ ಐತವಾರದ ಸಭಾದಾಗ ಎದ್ದು ನಿಂತು ಮಾತಾಡೇ ಬಿಡ್ತೀನಿ."