ಸುಗುಣ ಟೀಚರ್ ಕಟ್ಟೋ ಮನೆ

ನಮ್ಮ ಎಸ್ಟೇಟ್ ಕೂಲಿ ಲೈನಿಗೆ ಬಂದು, ಆಟ ಆಡಿಸಿ ಮಕ್ಕಳ ಮನಸ್ಸು ಹಗುರ ಮಾಡೋ ಟೀಚರ್ ಸುಗುಣ ಇದಾಳಲ್ಲ ಮಾರಾಯ್ತಿ, ಗುಡ್ಡ ಜರಿದು ಮನೆ ಕಳ್ಕೊಂಡ ಮಕ್ಕಳನ್ನ ಕಾಫಿ ಒಣಗಿಸೋ ಕಣದಲ್ಲಿ ಕೂರಿಸಿ ಮಣ್ಣಿನ ಮನೆ ಕಟ್ಟಿಸ್ತಾಳೆ, ಮನೆಯೊಳಗಿನ ಒಬ್ಬೊಬ್ಬರಿಗೆ ಒಂದೊಂದು ಕಾಫಿ ಬೀಜ ಇಡಿಸ್ತಾಳೆ. ಮಕ್ಕಳೇ ನೀರು ಹೊಯ್ದು ಬೀಳಿಸ್ಬೇಕು, ಬೀಜಗಳನ್ನೆಲ್ಲ ಹುಡುಕಿ ಎತ್ಬೇಕು. ‘ಬಿದ್ರೆ ಬೀಳ್ಲಿ, ಮತ್ತೆ ಕಟ್ಟಾಣ’ ಅಂತ ದಿನಕ್ಕೆ ನೂರು ಸಲ ಅಂತಾಳೆ, ನಿದ್ದೇಲೂ ಕನವರಿಸ್ತಾಳೇನೋ! ನನ್ನ ಹಾಲಿನ ಚೊಂಬು ಹೋಗಿ ಅವಳ ಮಣ್ಣಿನೂರಿಗೆ ಬಾವಿ ಆಯ್ತು. ತಾನೂ ಒಂದು ಮನೆ ಕಟ್ತಾಳೆ, ಅದರೊಳಗೆ ಮಾತ್ರ ಬೀಜ ಇಡಲ್ಲ. ಅಮ್ಮ ಮಣ್ಣಡಿ ಹೋದ್ಮೇಲೆ ಮಾತೇ ಬಿಟ್ಟಿದ್ದ ಪುಟ್ಟ ಧನ್ಯ ನಿನ್ನೆ ಬಾಯಿ ಬಿಡ್ತು: ‘ಟೀಚರೇ, ನಿಮ್ಮನೇಲಿ ಯಾರೂ ಇಲ್ವಾ?’ ಮಗು ಮಾತಾಡ್ತಲ್ಲ ಅಂತ ನಾವೆಲ್ಲ ಚಪ್ಪಾಳೆ ತಟ್ಟಿದ್ವಿ. ಸುಗುಣನೂ ತಟ್ಟಿದ್ಲು. ಉತ್ತರಕ್ಕೆ ಕಾಯ್ತಾ ಕೂತಿದ್ದು ಧನ್ಯ ಒಬ್ಳೇ.