ಓರಗಿತ್ತಿಗೆ ಕೇಳಿಸಲೆಂದೇ ಓದಿದ ಕಥೆ

ಪಾಲಹಳ್ಳಿಯಲ್ಲಿ ಮಾದಮ್ಮನ ಬಾಯಿಗೆ ಹೆದರದವರು ಇಬ್ಬರೇ. ಒಬ್ಬಳು ಅವಳ ಓರಗಿತ್ತಿ ಪುಟ್ಟತಾಯಮ್ಮ, ಇನ್ನೊಬ್ಬಳು ಅವಳೇ ಹೆತ್ತ ಮಗಳು ಮೇಘನ. ಮಿಕ್ಕವರೆಲ್ಲ, ಹಿಟ್ಟಿನ ಗಿರಣಿಯವನಿಂದ ಹಿಡಿದು ಬಸ್ಸಿನ ಕಂಡಕ್ಟರನವರೆಗೆ, ಅವಳು ಬಂದಳೆಂದರೆ ಸುಮ್ಮನೆ ದಾರಿ ಬಿಡುತ್ತಿದ್ದರು. ಹೇಮಗಿರಿ ಕಡೆಯ ಹೆಣ್ಣು, ಏಳನೇ ಕ್ಲಾಸು ಪಾಸು ಮಾಡಿದವಳು. ಆ ಕಾಲಕ್ಕೆ ಅವಳ ತವರಿನಲ್ಲಿ ಅಷ್ಟು ಓದಿದ ಹೆಂಗಸು ಇನ್ನೊಬ್ಬಳಿರಲಿಲ್ಲ. ಅದನ್ನು ಮರೆಯಲು ಆಕೆ ಯಾರನ್ನೂ ಬಿಡುತ್ತಲೂ ಇರಲಿಲ್ಲ. ಗಂಡ ಕೆಂಪಣ್ಣ ಪಾಪದ ಮನುಷ್ಯ. ಗದ್ದೆ ಉಂಟು, ತಾನುಂಟು. ಹೆಂಡತಿ ಏನಂದರೂ 'ಹ್ಞೂಂ' ಅಂದು ಟವೆಲ್ ಹೆಗಲಿಗೆ ಹಾಕಿಕೊಂಡು ಹೊರಟುಬಿಡುತ್ತಿದ್ದ.

ಜಗಳ ಹುಟ್ಟಿದ್ದು ಮುದ್ದೆಯಿಂದ. ಬೀಗರು ಉಣ್ಣಲು ಕೂತಿದ್ದಾಗ, ತುಂಬಿದ ಪಂಕ್ತಿಯಲ್ಲಿ ಪುಟ್ಟತಾಯಮ್ಮ, 'ಯಾಕಕ್ಕ, ಇವತ್ತು ಮುದ್ದೇಲಿ ಗಂಟು ಉಳ್ಕಂಡದೆ?' ಅಂದುಬಿಟ್ಟಳು. ಮುದ್ದೆಯಲ್ಲಿ ಗಂಟು! ಅದೂ ಬೀಗರ ಮುಂದೆ! ಕೆನ್ನೆಗೆ ಹೊಡೆದಿದ್ದರೂ ಮಾದಮ್ಮ ಸಹಿಸುತ್ತಿದ್ದಳೇನೋ. ಅಂದೇ ಓರಗಿತ್ತಿಯ ಜೊತೆ ಮಾತು ಬಿಟ್ಟಳು. ಹೆಂಗಸರ ಮಾತು ನಿಂತ ಮೇಲೆ ಗಂಡಸರ ಒಕ್ಕಲುತನ ಒಂದಾಗಿ ನಡೆಯುತ್ತದೆಯೇ? ಅಣ್ಣತಮ್ಮಂದಿರು ಪಾಲಾದರು, ನಡುಮನೆಯ ಮಧ್ಯೆ ಗೋಡೆ ಎದ್ದಿತು. ಗೋಡೆ ಆಳೆತ್ತರಕ್ಕೆ ಬಂದಾಗ ಇಟ್ಟಿಗೆ ಮುಗಿಯಿತು. ಮಿಕ್ಕದ್ದನ್ನು ನೀನು ಕಟ್ಟಿಸು, ನೀನೇ ಕಟ್ಟಿಸು ಎಂಬ ಹಟದಲ್ಲಿ ಅದು ಮೋಟುಗೋಡೆಯಾಗಿಯೇ ಉಳಿಯಿತು. ಮೇಲಿನ ಹೆಂಚಿನ ಸೂರು ಎರಡು ಮನೆಗೂ ಒಂದೇ. ಇತ್ತಲವರು ಒಗ್ಗರಣೆ ಹಾಕಿದರೆ ಅತ್ತಲವರು ಸೀನುತ್ತಿದ್ದರು.

ಮಾತು ಬಿಟ್ಟರೂ ಆಡಬೇಕಾದ ಮಾತುಗಳು ಇದ್ದೇ ಇರುತ್ತವಲ್ಲ, ಅದಕ್ಕೆ ಮೇಘನ ಬೇಕು.

'ಮೇಘ, ನಿಮ್ಮ ಚಿಕ್ಕವ್ವಂಗೆ ಯೋಳು, ಅವಳ ಕೋಳಿ ನಮ್ಮ ರಾಗಿಗೆ ಬಾಯಾಕ್ತಾವೆ ಅಂತ.'

ಗೋಡೆಯಾಚೆ ನಿಂತ ಪುಟ್ಟತಾಯಮ್ಮನಿಗೆ ಒಂದೊಂದು ಅಕ್ಷರವೂ ಕೇಳಿಸಿರುತ್ತಿತ್ತು. ಆದರೂ ಕೇಳಿಸಿದಂತಲ್ಲ. ಹುಡುಗಿ ಎದ್ದು, ಬೀದಿಗಿಳಿದು, ಆಚೆ ಬಾಗಿಲಿನಿಂದ ಒಳಗೆ ಹೋಗಿ ಅದನ್ನೇ ಒಪ್ಪಿಸಬೇಕು. ಆಗ ಚಿಕ್ಕವ್ವ, 'ನಿಮ್ಮವ್ವಂಗೆ ಯೋಳು, ಪಾಲಾಗಿರೋದು ನಾವು, ಕೋಳಿ ಅಲ್ಲ ಅಂತ' ಅನ್ನಬೇಕು. ಮೇಘನ ಮತ್ತೆ ಬೀದಿ ಸುತ್ತಿ ಬರಬೇಕು. ಅವಳಿಗೆ ಹತ್ತು ವರ್ಷ. ಒಂದೇ ಒಂದು ದಿನವೂ ಆಗುವುದಿಲ್ಲವೆಂದವಳಲ್ಲ.

ಪುಟ್ಟತಾಯಮ್ಮನ ಗಂಡ ನಾಗರಾಜು ಶ್ರೀರಂಗಪಟ್ಟಣದ ಆಫೀಸೊಂದರಲ್ಲಿ ಜವಾನ. ಅಲ್ಲಿನ ಲೈಬ್ರರಿಯಿಂದ ಕಥೆ ಪುಸ್ತಕ ತರುತ್ತಿದ್ದ. ಸಂಜೆ ಕರೆಂಟು ಹೋಯಿತೆಂದರೆ ಅವಳು ಸೀಮೆಎಣ್ಣೆ ದೀಪದ ಮುಂದೆ ಮಗ ಚೈತನ್ಯನನ್ನು ಕೂರಿಸಿಕೊಂಡು ಓದುವಳು. ಬರಿ ಓದೇ? ಕಳ್ಳನಿಗೊಂದು ದನಿ, ಮುದುಕಿಗೊಂದು ದನಿ, ಕತ್ತೆ ಬಂದರೆ ಕತ್ತೆಯೇ ಬಂದ ಹಾಗೆ. ಮೇಘನ ಸ್ಕೂಲು ಬ್ಯಾಗು ಎಸೆದು ಅಲ್ಲಿಗೆ ಓಡುವಳು, ಉಣ್ಣಲು ಕೂಗಿದರಷ್ಟೇ ಬರುವಳು. ಹಾಗೆ ಒಂದು ಸಂಜೆ ಗೋಡೆ ದಾಟಿ ಮಗಳ ಮಾತು ಬಂತು.

'ಚಿಕ್ಕವ್ವ, ನಾನು ಇಲ್ಲೇ ಇದ್ಬುಡ್ಲಾ?'

ಮಾದಮ್ಮ ಕೈಯಲ್ಲಿದ್ದ ಸೌಟನ್ನು ನೆಲಕ್ಕೆ ಕುಕ್ಕಿದಳು. ಗದ್ದೆ ಹಂಚಿಕೊಂಡಳು, ಕೊಟ್ಟಿಗೆ ಹಂಚಿಕೊಂಡಳು, ಈಗ ಹೆತ್ತ ಮಗುವಿಗೂ ಕೈಹಾಕಿದಳಾ ಈ ಬೇವರ್ಸಿ? ಸಿಟ್ಟು ಬಂದಷ್ಟೇ ಭಯವೂ ಆಯಿತು. ಕಥೆ ತಾನೇ? ನನಗೆ ಓದಲು ಬರುವುದಿಲ್ಲವಾ? ಬೆಳಗಾದದ್ದೇ ಪಟ್ಟಣದ ಬಸ್ಸು ಹತ್ತಿದಳು.

ಲೈಬ್ರರಿಯ ವಿಜಯೇಂದ್ರಯ್ಯ ಕನ್ನಡಕದ ಮೇಲಿಂದ ನೋಡಿದರು. 'ಎಂಥ ಪುಸ್ತಕ ಬೇಕಮ್ಮ?'

'ನಮ್ಮ ಓರಗಿತ್ತಿ ಒಟ್ಟೆ ಉರ್ಕಬೇಕು ಸಾಮಿ, ಅಂಥದ್ದು ಕೊಡಿ.'

'ಇದು ಲೈಬ್ರರಿ ಕಣಮ್ಮ, ಮಾಟ ಮಾಡೋ ಜಾಗ ಅಲ್ಲ. ಮಕ್ಕಳಿಗಾದರೆ ಇದು ತೊಗೊಳ್ಳಿ, ನೀತಿ ಇದೆ.'

ಅದರಲ್ಲಿ ನೀತಿಯನ್ನು ಬಿಟ್ಟು ಬೇರೇನೂ ಇರಲಿಲ್ಲ. ಪುಟಕ್ಕೊಬ್ಬ ಒಳ್ಳೆಯ ಹುಡುಗ, ಬೆಳಗ್ಗೆದ್ದು ಹಲ್ಲುಜ್ಜಿ ಹಿರಿಯರಿಗೆ ಕೈಮುಗಿಯುವವನು. ಸಂಜೆ ಮಾದಮ್ಮ ಮಗಳ ರಟ್ಟೆ ಹಿಡಿದು ಕೂರಿಸಿ, ಸ್ಕೂಲಿನಲ್ಲಿ ಪಾಠ ಒಪ್ಪಿಸಿದ ಹಾಗೆ ಒಂದೇ ಉಸಿರಿಗೆ, ಒಂದೇ ಗಂಟಲಿನಲ್ಲಿ ಓದಿದಳು. ಮೇಘನ ಆಕಳಿಸಿದಳು. ಗೋಡೆಯಾಚೆ ಕಿಸಕ್ಕನೆ ನಗು. ಮರುವಾರ ಮಹಾಪುರುಷರ ಬಾಲ್ಯದ ಪುಸ್ತಕ ಬಂತು. ಮೂರು ಪುಟ ಕೇಳಿ ಹುಡುಗಿ ಕೇಳಿದಳು, 'ಅವ್ವ, ಇವ್ರೆಲ್ಲ ಒಂದು ದಿನಾನೂ ಬೈಸ್ಕಂಡೇ ಇಲ್ವಾ?'

'ಬಾಯ್ಮುಚ್ಕಂಡು ಕೇಳೇ. ನಿನ್ನ ಒಳ್ಳೇದಕ್ಕೇ ಓದ್ತಾ ಇರೋದು.'

'ಚಿಕ್ಕವ್ವ ಒಳ್ಳೇದಕ್ಕೆ ಓದಕಿಲ್ಲ. ಸುಮ್ಕೆ ಓದ್ತದೆ' ಎಂದು ಕೊಸರಿಕೊಂಡು ಆಚೆ ಮನೆಗೆ ಓಡಿದಳು. ಒಂದು ಗಳಿಗೆ ಕಳೆದು ಬಂದವಳ ಬಾಯಲ್ಲಿ ಹೇಳಿಕೆ ಬೇರೆ. 'ಚಿಕ್ಕವ್ವ ಯೋಳ್ತು, ಓದೋರ್ಗೇ ನಗು ಬರ್ದಿದ್ರೆ ಕೇಳೋರ್ಗೆ ಎಲ್ಲಿಂದ ಬಂದದು ಅಂತ.'

ಅಯ್ಯೋ, ಅವಳಿಂದ ಬುದ್ಧಿ ಹೇಳಿಸಿಕೊಳ್ಳುವ ಗತಿ ಬಂತಲ್ಲ! ಆದರೆ ಮಾತು ಎದೆಗೆ ನಾಟಿತ್ತು. ಮೂರನೆಯ ಸಲ ಪಟ್ಟಣಕ್ಕೆ ಹೋದವಳು ವಿಜಯೇಂದ್ರಯ್ಯನವರನ್ನು ಏನೂ ಕೇಳಲಿಲ್ಲ. ಸೆರಗು ಸಿಕ್ಕಿಸಿ ಕಪಾಟಿನ ಮುಂದೆ ನೆಲಕ್ಕೇ ಕೂತಳು. ಒಂದೊಂದೇ ತೆಗೆದು ತಾನೇ ಓದಿದಳು. ಸಪ್ಪೆ ಅನ್ನಿಸಿದ್ದನ್ನು ಬೈದು ಒಳಗಿಟ್ಟಳು. ಮಧ್ಯಾಹ್ನದ ಹೊತ್ತಿಗೆ ಲೈಬ್ರರಿ ಹಾರಿಬೀಳುವಂತೆ ಗೊಳ್ಳನೆ ನಕ್ಕಳು. ಪೇಪರು ಓದುತ್ತಿದ್ದವರು ತಿರುಗಿ ನೋಡಿದರು. 'ಏನ್ರಯ್ಯಾ ನೋಡ್ತೀರಿ? ನಿಮ್ಮನೇಲಿ ಯಾರೂ ನಗಾಕಿಲ್ವಾ?' ಎಂದು ದಬಾಯಿಸಿ, ಆ ಪುಸ್ತಕವನ್ನೇ ಬರೆಸಿಕೊಂಡು ಬಂದಳು.

ಅಂದು ಸಂಜೆ ಕರೆಂಟು ಹೋಗುವುದನ್ನೇ ಕಾದು, ಮಗಳನ್ನು ಮುಂದೆ ಕೂರಿಸಿಕೊಂಡು, ಗೋಡೆಗೆ ಬೆನ್ನು ಕೊಟ್ಟು ಕೂತು, ಆಚೆಗೆ ಚೆನ್ನಾಗಿ ಕೇಳಿಸಲೆಂದೇ ದನಿಯೆತ್ತಿ ಶುರುಮಾಡಿದಳು. ಇಬ್ಬರು ನೆರೆಯವರು. ಸತ್ತರೂ ಒಬ್ಬರನ್ನೊಬ್ಬರು ಮಾತಾಡಿಸುವುದಿಲ್ಲವೆಂದು ಆಣೆ ಮಾಡಿದವರು. ಒಬ್ಬ ಇನ್ನೊಬ್ಬನ ರಾಗಿ ಎಷ್ಟಿದೆಯೆಂದು ಇಣುಕಲು ಹೋಗಿ ಅವನ ಹಗೇವಿನೊಳಗೆ, ರಾಗಿ ತುಂಬಿಡುವ ಆ ನೆಲದ ಗುಂಡಿಯೊಳಗೆ, ದೊಪ್ಪನೆ ಬಿದ್ದ. ಕೂಗುವಂತಿಲ್ಲ, ಆಣೆ. ಮೇಲಿದ್ದವನೂ ಕೇಳುವಂತಿಲ್ಲ, ಅವನದೂ ಆಣೆ. ಕೊನೆಗೆ ಪಕ್ಕದಲ್ಲಿ ಕಟ್ಟಿದ್ದ ಎಮ್ಮೆಯೇ ಗತಿ. 'ಎಮ್ಮೇ, ಒಳಗೆ ಬಿದ್ದಿರುವ ಮಹಾಶಯರನ್ನು ಕೇಳು, ಊಟವಾಯಿತೇ ಅಂತ.' 'ಎಮ್ಮೇ, ಮೇಲಿರುವ ದೊಡ್ಡಮನುಷ್ಯರಿಗೆ ಹೇಳು, ಮೊದಲು ಏಣಿ ಬಿಡಲಿ ಅಂತ.' ಪಾಪದ ಎಮ್ಮೆ ಇವನ ಮುಖ ನೋಡಿತು, ಗುಂಡಿ ನೋಡಿತು, 'ಅಂಬಾ' ಅಂದಿತು.

ಮಾದಮ್ಮನ ಗಂಟಲಿನಿಂದಲೇ ಎಮ್ಮೆ ಹೊರಬಂತು. ಕೆಂಪಣ್ಣ 'ಹ್ಞೂಂ' ಅನ್ನುವುದನ್ನೂ ಮರೆತು ಹೊಟ್ಟೆ ಹಿಡಿದುಕೊಂಡ. ಗೋಡೆಯಾಚೆ ಚೈತನ್ಯ ಕಿರುಚಿ ನಗುತ್ತಿದ್ದ. ಅವನ ನಗುವಿನ ಹಿಂದೆ, ತಡೆಯಲು ಹೋಗಿ ಆಗದೆ, ಪುಟ್ಟತಾಯಮ್ಮನ ನಗುವೂ ಉಕ್ಕಿತು. ಗೆದ್ದೆ! ಮಾದಮ್ಮನಿಗೆ ಕುಣಿಯುವಷ್ಟು ಖುಷಿಯಾಯಿತು. ಆ ಖುಷಿಗೆ ಪುಸ್ತಕವನ್ನು ಪಟ್ಟನೆ ಮುಚ್ಚಿದಳು. ಬಿದ್ದವನು ಎದ್ದನೋ ಇಲ್ಲವೋ ಎಂದು ತಿಳಿಯದೆ ಆ ಹೆಂಗಸು ಒದ್ದಾಡಲಿ.

ಆಚೆಯಿಂದ ಪುಟ್ಟತಾಯಮ್ಮ ಗೋಡೆಯನ್ನು ಎರಡು ಸಲ ತಟ್ಟಿದಳು. ಆಮೇಲೆ, 'ಮೇಘ, ನಿಮ್ಮವ್ವಂಗೆ ಯೋಳು, ಯಾಕೆ ನಿಲ್ಲಿಸ್ಬುಟ್ಲು, ಮುಂದಕ್ಕೆ ಓದ್ಲಿ ಅಂತ.'

ಮಾದಮ್ಮ ಮಗಳ ಕಡೆ ತಿರುಗಿ, 'ನಿಮ್ಮ ಚಿಕ್ಕವ್ವಂಗೆ ಯೋಳು...' ಎಂದು ಶುರುಮಾಡಿದವಳು ಅಲ್ಲೇ ನಿಲ್ಲಿಸಿದಳು. ಮೇಘನ ನಗುತ್ತಿರಲಿಲ್ಲ. ಎಲ್ಲರೂ ನಕ್ಕಾಗಲೂ ಅವಳು ನಕ್ಕಿರಲಿಲ್ಲವೆಂಬುದು ತಾಯಿಗೆ ಆಗ ಹೊಳೆಯಿತು.

'ನಾನು ಯೋಳಕಿಲ್ಲ' ಎಂದಳು ಹುಡುಗಿ. 'ಈ ಕತೇಲಿ ಎಮ್ಮೆ ನಾನೇ ಅಲ್ವೇನವ್ವ? ನನ್ನ ನೋಡಿ ಎಲ್ರೂ ನಗಾಡ್ತಿದ್ದೀರಿ.'

ಎದ್ದು ಹೊರಗೆ ಹೋದಳು. ಮಾದಮ್ಮ ಬಾಗಿಲಿಗೆ ಬಂದು ನೋಡಿದಳು. ಹುಡುಗಿ ಚಿಕ್ಕವ್ವನ ಮನೆಗೆ ಹೋಗಿರಲಿಲ್ಲ. ಬೀದಿ ದಾಟಿ ಎದುರಿನ ಹುಣಸೆ ಮರದ ಬುಡದಲ್ಲಿ ಮೊಣಕಾಲಿಗೆ ಮುಖವಿಟ್ಟು ಕೂತಿದ್ದಳು. ಇತ್ತ 'ಮೇಘ' ಎಂದು ಕೂಗಿದರೂ ಏಳಲಿಲ್ಲ, ಅತ್ತ 'ಮೇಘ' ಎಂದು ಪುಟ್ಟತಾಯಮ್ಮ ಕೂಗಿದರೂ ಏಳಲಿಲ್ಲ. ಎರಡು ಬಾಗಿಲುಗಳಲ್ಲಿ ಇಬ್ಬರು ಹೆಂಗಸರು ನಿಂತುಬಿಟ್ಟರು. ಮಾದಮ್ಮನಿಗೆ ಓರಗಿತ್ತಿಯ ಮೇಲೆ ಮೈಯೆಲ್ಲ ಉರಿಯುತ್ತಿತ್ತು, ತನ್ನ ಮೇಲೆ ಅದಕ್ಕಿಂತ ಹೆಚ್ಚು ಉರಿಯುತ್ತಿತ್ತು. ಮಾತಾಡಿಸಿದರೆ ಸೋತಂತೆ. ಸುಮ್ಮನಿದ್ದರೆ ಮಗು ಹೋದಂತೆ.

ಒಳಗೆ ಹೋಗಿ ಪುಸ್ತಕ ತಂದಳು. ಜಗಲಿಯ ಮೇಲೆ ದೀಪವಿಟ್ಟು ಕೂತಳು. ಆಮೇಲೆ ಪಕ್ಕದ ಬಾಗಿಲಿನ ಕಡೆಗೆ ತಿರುಗಿ, ನೇರವಾಗಿ, ಬೀದಿಯೆಲ್ಲ ಕೇಳುವಂತೆ ಕೂಗಿದಳು.

'ಏನೇ ಪುಟ್ಟತಾಯಿ, ಹಾಳಾದವ್ಳೇ! ಇಲ್ಲೇ ಓದ್ತೀನಿ, ಕೇಳೋದಿದ್ರೆ ಬಂದು ಸಾಯಿ!'

ಪುಟ್ಟತಾಯಮ್ಮ ಚೈತನ್ಯನ ಕೈ ಹಿಡಿದು ಬಂದು ಜಗಲಿಯ ಆ ತುದಿಯಲ್ಲಿ ಕೂತಳು. 'ಓದಕ್ಕ' ಎಂದಳು.

'ಅಕ್ಕಗಿಕ್ಕ ಅಂದ್ರೆ ನಾಲಗೆ ಕಿತ್ತಾಕ್ಬುಡ್ತೀನಿ' ಎಂದು ಮಾದಮ್ಮ ಪುಟ ತೆರೆದಳು. ಆದರೆ ಓದಲಿಲ್ಲ. ಹುಣಸೆ ಮರದ ಕಡೆ ನೋಡುತ್ತಾ ಕೂತಳು. ಮೇಘನ ಎದ್ದು, ಮೂಗು ಒರೆಸಿಕೊಂಡು, ನಿಧಾನವಾಗಿ ಬೀದಿ ದಾಟಿ ಬಂದು ಇಬ್ಬರ ನಡುವೆ ಕೂತ ಮೇಲೆಯೇ ತಾಯಿ ಓದಲು ಶುರುಮಾಡಿದಳು.